ಅಗ್ಗದ ಕ್ಯಾಚರ್

ಡೇವನ್‌ಪೋರ್ಟ್, ಅಯೋವಾ
ಮಾರ್ಚ್ ೯, ಭಾನುವಾರ

ಪ್ರೀತಿಯ ಲೈಲ್,

ಹೇಗಿದ್ದೀಯೋ? ಮೊಣಕಾಲು ಹೇಗಿದೆ? ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಮಾರ್ಚ್‌ನಲ್ಲಿ ಉತ್ತರ ಕೊಡುತ್ತಿದ್ದೇನೆ, ಬೈಯಬೇಡ. ಈ ಚಳಿಗಾಲ ಊರಿನ ಅರ್ಧ ಮನೆಗಳ ಹೀಟರ್ ಕೆಟ್ಟವು; ಅಷ್ಟನ್ನೂ ನಾನೊಬ್ಬನೇ ರಿಪೇರಿ ಮಾಡಿದಂತಿದೆ. ಬರೆಯಲು ಕೂತರೆ ಕೈ ಓಡುವುದಿಲ್ಲ, ಅದಕ್ಕೇ ವ್ಯಾನಿನಲ್ಲಿ ಕೂತು ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. "ಪಾಪ ಆ ಫೋನು! ಸಾಕು ನಿಲ್ಸು ಅನ್ನೋಕೂ ಅದಕ್ಕೆ ಬಾಯಿಲ್ಲ" ಅನ್ನುತ್ತಾಳೆ ನೋರಾ. ಮದುವೆಯಾದ ಹೊಸದರಲ್ಲಿ ನನ್ನ ಇದೇ ಮಾತಿಗೆ ಮರುಳಾಗಿದ್ದಳು, ಈಗ ಫೋನಿಗೆ ಮರುಗುತ್ತಾಳೆ.

ನಿನ್ನ ಕಾಗದದ ಒಂದು ವಿಷಯ ಎದೆಯಲ್ಲಿ ಚುಚ್ಚಿಕೊಂಡೇ ಇತ್ತು. ನಿನ್ನ ಮಗ, ನೀನು ದೊಡ್ಡ ಲೀಗ್‌ನಲ್ಲಿ ಆಡಿದ ಆ ಒಂದು ವರ್ಷದ ಅಂಕಿಗಳನ್ನು ತೆಗೆದು ನೋಡಿ, "ಅಪ್ಪಾ, ಹತ್ತು ಸಲ ಬ್ಯಾಟ್ ಹಿಡಿದ್ರೆ ಎರಡು ಸಲಾನೂ ಸರಿಯಾಗಿ ಹೊಡೆದಿಲ್ವಲ್ಲ!" ಎಂದು ನಕ್ಕನಂತೆ. ನೀನೂ ಅವನ ಜೊತೆ ನಕ್ಕೆ, ಆಮೇಲೆ ಆ ವರ್ಷ ದೊಡ್ಡ ಲೀಗ್‌ಗೆ ಹೋಗದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಎಂದು ಬರೆದಿದ್ದೆ. ಅವತ್ತೇ ನಿರ್ಧರಿಸಿದೆ, ಇದಕ್ಕೆ ಉತ್ತರ ಬಾಯಲ್ಲಿ ಹೇಳಿದರೆ ಸಾಲದು ಎಂದು.

ನಾನು ಆಡುವ ಆ ಕಂಪ್ಯೂಟರ್ ಬೇಸ್‌ಬಾಲ್ ನಿನಗೆ ಗೊತ್ತು. ಹಿಂದಿನ ಯಾವ ವರ್ಷದ ಆಟಗಾರನನ್ನು ಬೇಕಾದರೂ ಕೊಳ್ಳಬಹುದು. ಅವನ ಅಂಕಿಗಳನ್ನು ನೋಡಿ ಯಂತ್ರ ಬೆಲೆ ಕಟ್ಟುತ್ತದೆ. ಎಲ್ಲರಿಗೂ ಒಂದೇ ದುಡ್ಡು; ಕೊಂಡ ತಂಡಗಳ ಪಂದ್ಯಗಳನ್ನು ಯಂತ್ರವೇ ಆಡಿಸಿ ಕೆಲವೇ ವಾರಗಳಲ್ಲಿ ಸೀಸನ್ ಮುಗಿಸುತ್ತದೆ. ಯಾರ ಬೆಲೆ ಹೆಚ್ಚಾಯಿತು, ಯಾರದು ಕಮ್ಮಿಯಾಯಿತು ಎಂದು ಹಿಡಿಯುವುದೇ ಆಟ. ನಮ್ಮ ಗುಂಪಿನಲ್ಲಿ ಇನ್ನೊಂದು ಕಟ್ಟಳೆ ಇದೆ. ಸೀಸನ್ ಶುರುವಾಗುವ ಮೊದಲು ಪ್ರತಿಯೊಬ್ಬರೂ, ಇವನಿಗೆ ಬೆಲೆ ಕಮ್ಮಿ ಕಟ್ಟಿದ್ದಾರೆ ಎಂದು ಒಬ್ಬನ ಹೆಸರು ಹೇಳಬೇಕು. ಆ ಮಾತನ್ನು ಯಾರು ಬೇಕಾದರೂ ಕೆಣಕಬಹುದು. ಸೀಸನ್ ಮುಗಿದಾಗ ಕೆಣಕಿದವರ ತಂಡಕ್ಕಿಂತ ಮೇಲೆ ನಿಂತರೆ ನಾವು ಗೆದ್ದಂತೆ. ಸೋತವರ ತಂಡಕ್ಕೆ ಒಂದು ವರ್ಷದ ಮಟ್ಟಿಗೆ ಗೆದ್ದವರು ಹೆಸರಿಡುತ್ತಾರೆ. ಕಳೆದ ವರ್ಷ ನನ್ನ ತಂಡದ ಹೆಸರು 'ವೆಂಡೆಲ್‌ನ ಹಳಸಿದ ಸೂಪು'.

ಈ ಸಲ ನಾನು ಹೇಳಿದ್ದು ನಿನ್ನ ಹೆಸರು. ಲೈಲ್ ಪಟ್ನಮ್, ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್.

ಕೆಣಕಿದವಳು ಡೋರೀನ್. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ ಅವಳದು, ನಾಲಿಗೆಯೂ ಅಲ್ಲಿನ ಡ್ರಿಲ್ಲಿನ ಥರಾನೇ. "ಏನೋ ವೆಂಡೆಲ್, ತಲೆ ನೆಟ್ಟಗಿದ್ಯಾ? ಇಡೀ ಪಟ್ಟಿಯಲ್ಲೇ ಅಗ್ಗದ ಕ್ಯಾಚರ್ ಅವನು! ಪುಕ್ಸಟ್ಟೆ ಕೊಟ್ರೂ ಬೆಲೆ ಜಾಸ್ತೀನೇ ಆಯ್ತು. ನಿನ್ನ ತಂಡದ ಹೆಸರು ಈಗ್ಲೇ ಬರೆದಿಟ್ಟಿದ್ದೀನಿ, 'ಪಟ್ನಮ್‌ನ ತೂತು ಬ್ಯಾಟು'."

ಎಲ್ಲರೂ ನಕ್ಕರು. ಸೋತರೆ ವರ್ಷವಿಡೀ ಅವರ ಬಾಯಲ್ಲಿ ನಗೆಪಾಟಲಾಗುವುದು ನಿನ್ನ ಹೆಸರು, ನನ್ನದಲ್ಲ.

ಆದರೂ ನಾನು ಸುಮ್ಮನೆ ಜಂಬಕ್ಕೆ ಹೇಳಿರಲಿಲ್ಲ ಕಣೋ. ಯಂತ್ರ ಬೆಲೆ ಕಟ್ಟುವುದು ಹೊಡೆತ ನೋಡಿ. ಪಕ್ಕದವರು ಏನು ಕೊಂಡಿದ್ದಾರೆ ಎಂದು ಅದು ನೋಡುವುದಿಲ್ಲ. ಈ ವರ್ಷ ಎಲ್ಲರೂ ಅಗ್ಗಕ್ಕೆ ಸಿಕ್ಕರೆಂದು ಓಟಗಾರರನ್ನೇ ತುಂಬಿಕೊಂಡಿದ್ದರು, ಚೆಂಡು ಬ್ಯಾಟುಗಾರನತ್ತ ಹೊರಟ ಕೂಡಲೇ ಮುಂದಿನ ಬೇಸ್ ಕದಿಯಲು ಓಡುವವರನ್ನು. ಅಂಥವರ ನಡುವೆ ನಿನ್ನ ತೋಳಿಗೆ ಬೆಲೆ ಎಷ್ಟು? ಓಟಗಾರ ಮುಟ್ಟುವ ಮೊದಲೇ ಕೂತಲ್ಲಿಂದ ಎರಡನೇ ಬೇಸಿಗೆ ಚೆಂಡನ್ನು ಹಗ್ಗ ಕಟ್ಟಿ ಎಳೆದಂತೆ ಎಸೆಯುತ್ತಿದ್ದವನು ನೀನು. ಆ ವರ್ಷ ನೀನು ಆಡಿದ್ದು ಕಡಿಮೆ, ಹಾಗಾಗಿ ಯಂತ್ರದಲ್ಲೂ ಬೇಗ ದಣಿಯುತ್ತೀ. ಅದಕ್ಕೆ ಓಟಗಾರರ ತಂಡ ಎದುರಿದ್ದ ದಿನ ಮಾತ್ರ ನಿನ್ನನ್ನು ಇಳಿಸಿದೆ, ಉಳಿದ ದಿನ ಬೆಂಚಿನ ಮೇಲೆ ಜೋಪಾನ ಮಾಡಿದೆ.

ಫೈನಲ್‌ಗೆ ಬಂದದ್ದು ಡೋರೀನ್ ಮತ್ತು ನಾನೇ. ಕೊನೆಯ ಪಂದ್ಯ, ಕೊನೆಯ ಇನ್ನಿಂಗ್ಸ್, ಒಂದು ರನ್ ಮುಂದಿದ್ದೇನೆ. ಅವಳ ಚಿರತೆಯಂಥ ಓಟಗಾರ ಮೊದಲ ಬೇಸಿನಲ್ಲಿ ನಿಂತಿದ್ದಾನೆ, ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ನಾನು ಯಾರದೋ ಮನೆಯ ನೆಲಮಾಳಿಗೆಯಲ್ಲಿ ಹೀಟರ್ ಬಿಚ್ಚಿಟ್ಟು ಫೋನು ನೋಡುತ್ತಿದ್ದೆ. ಪರದೆಯ ಮೇಲೆ ಒಂದು ಸಾಲು ಬಂತು: "ಓಟಗಾರ ಕದಿಯಲು ಹೊರಟ. ಪಟ್ನಮ್ ಎಸೆತ. ಔಟ್."

ನಾನು ಹಾಕಿದ ಕೂಗಿಗೆ ಮನೆಯೊಡತಿ ಬೆಂಕಿ ಬಿತ್ತೆಂದು ಮೆಟ್ಟಿಲ ತನಕ ಓಡಿಬಂದಳು.

ಡೋರೀನ್ ತಾನೇ ಫೋನು ಮಾಡಿದಳು. "ಒಪ್ಪಿದೆ ಮಾರಾಯ. ಅಗ್ಗ ಅವನಲ್ಲ, ಬೆಲೆ ಕಟ್ಟಿದ ಆ ಯಂತ್ರಕ್ಕೆ ಕಣ್ಣಿಲ್ಲ. ಹ್ಞೂಂ, ಏನು ಹೆಸರಿಡ್ತೀಯೋ ಇಡು, ಹೊತ್ಕೊಂಡು ಸಾಯ್ತೀನಿ" ಅಂದಳು. ಅವಳ ತಂಡಕ್ಕೆ ಒಂದು ವರ್ಷದ ಮಟ್ಟಿಗೆ 'ಲೈಲ್ ಪಟ್ನಮ್ ಅಭಿಮಾನಿ ಬಳಗ' ಎಂದು ಇಟ್ಟಿದ್ದೇನೆ. ಮಗನಿಗೆ ತೋರಿಸು. ಆ ಎಸೆತದ ಸಾಲನ್ನೂ ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ನನಗೆ ಎಷ್ಟು ಹೆಮ್ಮೆ ಎಂದರೆ, ಹೀಟರ್ ಕೆಟ್ಟ ಪ್ರತಿ ಮನೆಯಲ್ಲೂ ಈ ಕಥೆ ಹೇಳಿಯೇ ಹೊರಡುತ್ತಿದ್ದೇನೆ.

ಮೊಣಕಾಲು ನಿನ್ನ ಮಾತು ಕೇಳಲಿ, ಮಗ ಮೊಣಕಾಲಿಗಿಂತ ಚೆನ್ನಾಗಿ ಕೇಳಲಿ. ನಿಮ್ಮ ಮನೆ ಸದಾ ಬೆಚ್ಚಗಿರಲಿ.

ನಿನ್ನ,
ವೆಂಡೆಲ್

ಮರೆತಿದ್ದೆ: ಗೆದ್ದ ದಿನ ಡೋರೀನ್ ಇನ್ನೊಂದು ಮಾತು ಕೇಳಿದಳು. "ನೀನೂ ಅವನ ಜೊತೆ ಚಿಕ್ಕ ಲೀಗ್‌ನಲ್ಲಿ ಕ್ಯಾಚರ್ ಆಗಿದ್ದೆ ಅಲ್ವಾ? ನಿನ್ನ ಬೆಲೆ ಎಷ್ಟೋ?" ನಕ್ಕು ಫೋನಿಟ್ಟೆ. ಆಮೇಲೆ ನನ್ನ ಹೆಸರು ಹಾಕಿ ನೋಡಿದೆ. ಚಿಕ್ಕ ಲೀಗ್‌ನಲ್ಲೇ ಉಳಿದವರು ಅದರಲ್ಲಿ ಇಲ್ಲವಂತೆ. ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ, ಖಾಲಿ ಪರದೆ. ಆದ್ದರಿಂದ ಹೋಗದೇ ಇದ್ದಿದ್ದರೆ ಎಂದು ಮಾತ್ರ ಇನ್ನೊಮ್ಮೆ ನನಗೆ ಬರೆಯಬೇಡ, ಲೈಲ್. ದೊಡ್ಡ ಲೀಗ್‌ನಿಂದ ಕರೆ ಬಂದ ದಿನ ಮ್ಯಾನೇಜರ್ ನಮ್ಮ ರೂಮಿನ ಬಾಗಿಲು ತೆಗೆದು, "ಕ್ಯಾಚರ್ ಬೇಕಂತೆ, ಚೀಲ ಕಟ್ಟು" ಅಂದನಲ್ಲ, ನೀನು ಆಗ ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದೆ. ನನಗೇ ಹೇಳಿದ್ದೆಂದು ನಾನು ಎದ್ದು ನಿಂತುಬಿಟ್ಟಿದ್ದೆ.