ಹದಿನಾರು ಸುಳ್ಳು ಉಸಿರು

ಲಾರೆಲ್ ಫೋರ್ಕ್, ಕೆಂಟಕಿ
ಅಕ್ಟೋಬರ್ ೨೩, ಬುಧವಾರ

ಪ್ರಿಯ ಡೆಲ್ಫಿಯಾ,

ನಿನ್ನ ಗಂಡನಾದ ವರ್ಲಿನ್ ಎಂಬ ನಾನು, ನಲವತ್ತೇಳರ ಪ್ರಾಯದಲ್ಲಿ, ಸ್ವಸ್ಥ ಚಿತ್ತದಿಂದ, ಹೋದ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಹದಿನಾರು ಸುಳ್ಳು ಉಸಿರುಗಳನ್ನು ಸೃಷ್ಟಿಸಿದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ದೇವರು ಆದಾಮನಿಗೆ ಊದಿದ್ದು ಒಂದೇ ಉಸಿರು. ನಾನು ಒಂದು ಹೆಜ್ಜೆ ಮುಂದೆ.

ಗಣಿ ಮುಚ್ಚಿ ನಾನು ಸೋಫಾ ಹಿಡಿದ ಮೇಲೆ, ಎದ್ದರೆ ತಿಳಿಸು ಎಂದು ಹೇಳಿ ನೀನು ಅಕ್ಕನ ಮನೆಗೆ ಹೊರಟುಹೋದೆ. ಎದ್ದಿದ್ದೇನೆ. ಇಲ್ಲಿನ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಅಸೋಸಿಯೇಟ್ ಡಿಗ್ರಿಗೆ ಸೇರಿದ್ದೇನೆ. ಮುಗಿಸಿ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್. ಪ್ರಶ್ನೆಪತ್ರಿಕೆಯಲ್ಲಿ ನಾಲ್ಕೂ ಉತ್ತರ ಸರಿಯಿರುತ್ತವೆ, ಹೆಚ್ಚು ಸರಿ ಯಾವುದೆಂದು ಹೇಳಬೇಕು. ಇಪ್ಪತ್ತು ವರ್ಷ ನಿನ್ನೊಡನೆ ಸಂಸಾರ ಮಾಡಿದವನಿಗೆ ಇದು ಹೊಸದಲ್ಲ. ಆದರೂ ತಲೆ ಕೆಡುತ್ತದೆ.

ಉಸಿರಿನ ವಿಷಯಕ್ಕೆ ಬರುತ್ತೇನೆ. ತರಬೇತಿಗೆಂದು ನಮ್ಮನ್ನು ಆಸ್ಪತ್ರೆಗೆ ಕಳಿಸುತ್ತಾರೆ. ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವರಂತೆ ನಟಿಸುತ್ತಾ, ಒಂದು ನಿಮಿಷ ಅವನ ಎದೆಯ ಏರಿಳಿತ ಎಣಿಸಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರೂ ನಾಟಕ ಹೂಡುತ್ತದೆ. ಸೋಮಾರಿಗಳು ಎಣಿಸದೆ, ಆರೋಗ್ಯವಂತರ ಲೆಕ್ಕವಾದ ಹದಿನಾರನ್ನೇ ಬರೆದುಬಿಡುತ್ತಾರೆ. ನಾನೂ ಬರೆದೆ.

ರೋಗಿ ಆರ್ವಿಲ್ ಸ್ಟಿಡಮ್, ಮೂವತ್ತೊಂದು ವರ್ಷ ಕಲ್ಲಿದ್ದಲು ಅಗೆದವನು, ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ನನ್ನ ಸಮವಸ್ತ್ರ ನೋಡಿ, ಏನ್ಲಾ ವರ್ಲಿನ್, ಹೆಲ್ಮೆಟ್ ಬಿಚ್ಚಿ ಪೈಜಾಮ ಹಾಕ್ಕಂಡ್ಯಾ, ಒಳ್ಳೆ ಬಡ್ತಿ ಬಿಡು ಅಂತ ಕಿಚಾಯಿಸಿದ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ನನಗೇನೂ ವಿಚಿತ್ರವೆನಿಸಲಿಲ್ಲ. ಗಣಿಯ ಧೂಳು ನುಂಗಿದ ನನ್ನಪ್ಪ ಹಾಗೇ ಮಾತಾಡುತ್ತಿದ್ದ, ನಿನ್ನಪ್ಪನೂ. ವಯಸ್ಸಾದ ಗಂಡಸರು ಮಾತಾಡುವುದೇ ಹಾಗೆ ಎಂದು ತಿಳಿದು ಬೆಳೆದವನು ನಾನು. ಯಾರದು ಸರಿಯಾದ ಉಸಿರು, ಯಾರದು ತಪ್ಪಿದ್ದು ಎಂದು ಈಗಲೂ ಗೊಂದಲ.

ಮರಳಿ ಹೋಗಿ ಎಣಿಸಿದೆ: ಮೂವತ್ತನಾಲ್ಕು. ತುಟಿ ನೀಲಿಗಟ್ಟಿತ್ತು. ರಕ್ತದ ಹೆಪ್ಪೊಂದು ಶ್ವಾಸಕೋಶಕ್ಕೆ ಹೋಗಿ ಕೂತಿತ್ತಂತೆ. ಬೇಗ ಗೊತ್ತಾದ್ದರಿಂದ ಬದುಕಿಕೊಂಡ.

ಸುಳ್ಳು ದಾಖಲೆ ಬರೆದವರನ್ನು ಕಾಲೇಜು ಹೊರಹಾಕುತ್ತದೆ. ತಾನಾಗಿ ಬಂದು ಒಪ್ಪಿಕೊಂಡವನಿಗೆ ಮಾತ್ರ ಕ್ಷಮೆ. ಮುಂದಿನ ಮಂಗಳವಾರ ನನ್ನ ವಿಚಾರಣೆಗೆ ಸಮಿತಿ ಕೂರುತ್ತದೆ. ನಾನಾಗಿಯೇ ಹೋದೆ, ಡೆಲ್ಫಿಯಾ, ಯಾರೂ ಕೇಳದೆ, ತಲೆಯೆತ್ತಿಕೊಂಡು. ನಮ್ಮ ಶಿಕ್ಷಕಿ ಶ್ರೀಮತಿ ರಾಟ್ಲಿಫ್ ಸಮಿತಿಗೆ ಹಾಗೆಂದೇ ಬರೆದುಕೊಟ್ಟಿದ್ದಾರೆ. ಇದನ್ನು ನಿನ್ನ ಅಕ್ಕನಿಗೂ ಗಟ್ಟಿಯಾಗಿ ಓದಿ ಹೇಳಬಹುದು.

ನಿನ್ನವನೋ ಅಲ್ಲವೋ ತಿಳಿಯದ,
ವರ್ಲಿನ್

ಮತ್ತೆ: ಅಕ್ಕನಿಗೆ ಓದುವುದನ್ನು ಇಲ್ಲಿಗೆ ನಿಲ್ಲಿಸು. ರಾಟ್ಲಿಫ್ ನನ್ನ ಹಾಳೆ ನೋಡಿದವರೇ, ಹದಿನಾರಾ, ಆರ್ವಿಲ್ ನಿದ್ದೇಲೂ ಅಷ್ಟು ನಿಧಾನ ಉಸಿರಾಡಲ್ಲ ಕಣಯ್ಯಾ, ಹೋಗಿ ಎಣಿಸು, ಆಮೇಲೆ ನೀನಾಗೇ ಬಂದು ಒಪ್ಕೋ, ನಾನೇನೂ ನೋಡಿಲ್ಲ ಅಂದರು. ನಾನಾಗಿ ಬರಲೆಂದು ನನ್ನನ್ನು ಅಟ್ಟಿದರು. ಮಂಗಳವಾರ ಸಮಿತಿಯವರು ಮೊದಲು ಕೇಳುವುದೇ, ನೀನಾಗಿ ಬಂದೆಯಾ ಎಂದು. ಹೌದೆಂದರೆ ಇನ್ನೊಂದು ಸುಳ್ಳು. ಇಲ್ಲವೆಂದರೆ ನನ್ನ ಜೊತೆ ಆಕೆಯೂ ಮುಳುಗುತ್ತಾರೆ. ಏನು ಹೇಳಲಿ, ಸೋಮವಾರದೊಳಗೆ ಫೋನ್ ಮಾಡು. ಈ ಕಾಗದವನ್ನಾದರೂ ನಾನಾಗಿ ಬರೆದೆ ಎನ್ನೋಣವೆಂದರೆ, ಹೆಂಡ್ತೀನ ಕೇಳೋ ಮಂಕೇ ಅಂತ ಮೂರು ದಿನದಿಂದ ಬೈದು ಬರೆಸಿದ್ದು ಆರ್ವಿಲ್.