ಕವಿತೆ ಇರಲಿ, ಕಾಯಿಲೆ ಬೇಡ

೧೪ ಅಕ್ಟೋಬರ್, ಮಂಗಳವಾರ

ಕೊನೆಗೂ ಗೆದ್ದೆ.

ಚಿಕಿತ್ಸೆಯ ತಿಂಗಳುಗಳಲ್ಲಿ ಕ್ಯಾನ್ಸರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಆಡಿಯೋ ಪುಸ್ತಕದ ಆ್ಯಪ್‌ನಲ್ಲಿ ಕೇಳಿದ್ದೆ. ವಾಸಿಯಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಆ್ಯಪ್ ಮಾತ್ರ ಈಗಲೂ ‘ನಿಮಗಾಗಿ’ ಎಂದು ಅದೇ ಕಾಯಿಲೆಯ ಪುಸ್ತಕಗಳನ್ನು ಮುಂದಿಡುತ್ತಿತ್ತು. ಮೊನ್ನೆ ಓರಗಿತ್ತಿ ನನ್ನ ಫೋನಿನಲ್ಲಿ ಏನೋ ಹುಡುಕಲು ಹೋಗಿ ಅದನ್ನು ನೋಡಿದಳು. ತಟ್ಟನೆ ದನಿ ಮೆತ್ತಗಾಯಿತು. ಆ ಕನಿಕರ ನನಗೆ ಸಾಕಾಗಿ ಹೋಗಿದೆ.

ಆ್ಯಪ್‌ನ ಕಂಪನಿಗೆ ದೂರು ಕೊಟ್ಟರೆ ಒಂದೇ ಉತ್ತರ, ಕೇಳಿದ್ದೆಲ್ಲವನ್ನೂ ಅಳಿಸಿಬಿಡಿ ಎಂದು. ಅಳಿಸಿದರೆ ನನ್ನ ಕವಿತೆಗಳೂ ಹೋಗುತ್ತವೆ. ನನಗೆ ಎಂಥ ಕವಿತೆ ಹಿಡಿಸುತ್ತದೆ ಎಂಬುದು ನಮ್ಮ ಯಜಮಾನರಿಗಿಂತ ಆ ಆ್ಯಪ್‌ಗೇ ಚೆನ್ನಾಗಿ ಗೊತ್ತು. ಅದನ್ನೇಕೆ ಬಿಡಲಿ? ಪಟ್ಟು ಹಿಡಿದು ಬರೆಯುತ್ತಲೇ ಇದ್ದೆ.

ಇವತ್ತು ಕಂಪನಿಯ ಹುಡುಗಿ ಫೋನ್ ಮಾಡಿದಳು.

“ಮೇಡಂ, ಇನ್ಮೇಲೆ ಬೇಡದ ಪುಸ್ತಕ ಒಂದೊಂದೇ ತೆಗೀಬಹುದು. ತೆಗೆದದ್ದನ್ನ ನಾವೂ ಇಟ್ಕೊಳ್ಳಲ್ಲ. ನಿಮ್ಮ ಕಾಟ ತಡೀಲಾರದೆ ಮಾಡಿದ್ದು ಅಂತ ನಮ್ಮ ಬಾಸೇ ಹೇಳಿದ್ರು.”

“ಕಾಟ ಅಂದ್ರಾ?”

“ಅವರು ಅಂದಿದ್ದು ಇನ್ನೂ ಜೋರಿತ್ತು ಮೇಡಂ.”

ಊಟವಾದ ಮೇಲೆ ಒಂದೊಂದಾಗಿ ತೆಗೆದೆ. ಒಂದರ ಮುಂದೆ ಮಾತ್ರ ಬೆರಳು ನಿಂತಿತು. ಕೂದಲು ಉದುರಿದ ವಾರ ಅದನ್ನು ಕೇಳುತ್ತಲೇ ನಿದ್ದೆ ಮಾಡಿದ್ದೆ. ಮನಸ್ಸಿನಲ್ಲೇ ಕೈಮುಗಿದು ಅದನ್ನೂ ಕಳಿಸಿದೆ. ಆ್ಯಪ್ ಮತ್ತೆ ತೆರೆದರೆ, ‘ನಿಮಗಾಗಿ’ ಎಂದು ಹೆಸರೇ ಕೇಳಿರದ ಕವಯಿತ್ರಿಯೊಬ್ಬಳ ಸಂಕಲನ.

“ಏನೇ ಅದು? ಜೋರಾಗಿ ಹಾಕು, ನಾನೂ ಕೇಳ್ತೀನಿ” ಎಂದರು ಇವರು.

“ನಂಗಂತ ಬಂದಿದ್ದು. ನಿಮ್ಮದು ನೀವು ಹುಡುಕ್ಕೊಳ್ಳಿ” ಎಂದು ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಎರಡನೆಯ ಪದ್ಯ ಶುರುವಾಗಿದೆ. ಒರಟು ದನಿ, ಕನಿಕರದ ಸೋಂಕೇ ಇಲ್ಲ. ಇನ್ನು ಬರೆಯುವುದು ನಾಳೆ.