ಜುಲೈ ತಿಂಗಳಿಗೆ ಈಜುಡುಗೆ ತೊಡಿಸಿದ ಕಚೇರಿಗೆ

ಪಾಠಕ್ಕೆ ಯೋಗ್ಯವಾದ ವೆಬ್‌ಸೈಟುಗಳನ್ನು ಆರಿಸಿ ಸ್ಟಾರ್ ಕೊಡುವ ಮಾನ್ಯ ಅಧಿಕಾರಿಗಳೇ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಾನು ಶಿಕ್ಷಕರ ತರಬೇತಿ ಕಾಲೇಜಿನ ಮೊದಲ ವರ್ಷದವಳು. ನಿಮ್ಮಂಥವರಿಗೆ, ಅದೂ ಪತ್ರಿಕೆಯ ಮೂಲಕ, ಬರೆಯುವ ಯೋಗ್ಯತೆ ನನಗಿಲ್ಲ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಕುಡಿದು ಬೆಳೆದ ನನ್ನ ಭಾಷೆ ಅರ್ಧಂಬರ್ಧ. ಆದರೂ ಹೇಳಲೇಬೇಕು: ನೀವು ಐದು ಸ್ಟಾರ್ ಕೊಟ್ಟು ಎಂಟನೆಯ ತರಗತಿಗೆ ಕಡ್ಡಾಯ ಮಾಡಿದ ವೆಬ್‌ಸೈಟು ಭೂಮಧ್ಯರೇಖೆಯ ಕೆಳಗೆ ಜುಲೈನಲ್ಲೇ ಚಳಿಗಾಲ ಕಾಣುವ ನಮ್ಮ ಮಲಾವಿಯ ಮಕ್ಕಳಿಗೆ ಆ ತಿಂಗಳೆಂದರೆ ಕಡುಬೇಸಿಗೆ ಎಂದು ಕಲಿಸುತ್ತಿದೆ; ಅಲ್ಲ ಎಂದವರ ಮಾರ್ಕ್ಸ್ ಕತ್ತರಿಸುತ್ತಿದೆ.

ಮೌಲ್ಯಮಾಪನವನ್ನು ನೀವು ಶ್ರದ್ಧೆಯಿಂದಲೇ ಮಾಡಿದ್ದೀರಿ, ಸಂಶಯವಿಲ್ಲ. ನಿಮ್ಮ ಅಳತೆಗೋಲನ್ನು ನಮಗೆ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದಾರೆ. ಬಣ್ಣ ಕಣ್ಣಿಗೆ ಹಿತವೇ? ಹೌದು. ಬೇಗ ತೆರೆದುಕೊಳ್ಳುತ್ತದೆಯೇ? ರಾಜಧಾನಿಯ ನಿಮ್ಮ ಮೇಜಿನ ಮೇಲೆ, ಹೌದು. ಜಾಹೀರಾತು? ಇಲ್ಲ. ಬರೆದವರು ಪದವೀಧರರೇ? ಭೇಷಾಗಿ. ಸಂಗೀತ ಇಂಪಾಗಿದೆ, ತಪ್ಪು ಉತ್ತರ ಕೊಟ್ಟರೆ ಕಣ್ಣೀರು ಹಾಕಲು ಒಂದು ಕಾರ್ಟೂನ್ ಕರಡಿಯೂ ಇದೆ. ಇಷ್ಟೆಲ್ಲ ನೋಡಿದವರು, ಅದರಲ್ಲಿರುವುದು ನಮ್ಮೂರಿಗೆ ನಿಜವೇ ಎಂಬ ಕ್ಷುಲ್ಲಕ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಿತ್ತು ಎನ್ನುವುದು ಅತಿಯಾಯಿತೇನೋ. ಸ್ಟಾರ್ ಕೊಟ್ಟ ದಿನ ನಿಮ್ಮ ಕಚೇರಿಯ ಕಿಟಕಿ ಮುಚ್ಚಿತ್ತೇ? ಚಳಿಗೆ ಮುಚ್ಚಿದ್ದಿರಬೇಕು ಎಂದು ನನ್ನ ಊಹೆ.

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿರುವುದು ಸರೋವರದ ದಡದ ಒಂದು ಶಾಲೆಗೆ. ಶಾಲೆಗೆಲ್ಲ ಒಂದೇ ಟ್ಯಾಬ್ಲೆಟ್. ಕಳೆದ ವಾರ ಅದರಲ್ಲಿ ನಿಮ್ಮ ವೆಬ್‌ಸೈಟಿನ ಪರೀಕ್ಷೆಯ ಮೊದಲ ಸುತ್ತು. ಹೊರಗೆ ಚಳಿಗಾಲದ ಮ್ವೇರಾ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ದೋಣಿಗಳನ್ನೆಲ್ಲ ಮರಳಿಗೆಳೆದು ಮಗುಚಿಟ್ಟಿದ್ದರು. ಅಣ್ಣನ ಸ್ವೆಟರಿನೊಳಗೆ ಮುದುರಿಕೊಂಡು ಬಂದ ಲುಸುಂಗು ಎಂಬ ಹುಡುಗಿಗೆ ಪ್ರಶ್ನೆ ಬಂತು: ಜುಲೈನಲ್ಲಿ ಸರೋವರಕ್ಕೆ ಹೋಗುವಾಗ ಏನು ತೊಡಬೇಕು? ಅವಳು ಸ್ವೆಟರ್ ಒತ್ತಿದಳು. ಕರಡಿ ಅತ್ತಿತು. ಸರಿಯುತ್ತರ ಈಜುಡುಗೆಯಂತೆ. ಆ ತಿಂಗಳು ಪುಟ್ಟ ದೋಣಿಯಲ್ಲಿ ವಿಹಾರ ಹೋಗಬಹುದೇ? ಇಲ್ಲ ಎಂದು ಒತ್ತಿದಳು. ಕರಡಿ ಮತ್ತೆ ಅತ್ತಿತು.

“ಮೇಡಂ, ಈ ಕರಡಿಗೆ ಚಳಿ ಆಗಲ್ವಾ?” ಎಂದಳು.

“ಅದಕ್ಕೆ ಮೈತುಂಬ ಕೂದಲಿದೆ ಕಣೇ, ನಿಂಗಿದೆಯಾ?” ಹಿಂದಿನಿಂದ ಯಾರೋ ಕಿಚಾಯಿಸಿದರು. ತರಗತಿಯೆಲ್ಲ ಗೊಳ್ಳೆಂದಿತು.

ಲುಸುಂಗು ನಗಲಿಲ್ಲ. “ಮ್ವೇರಾ ಬೀಸೋವಾಗ ನಮ್ಮ ಮಾವ ದೋಣಿ ನೀರಿಗಿಳಿಸಲ್ಲ ಮೇಡಂ. ಹೋದ ವರ್ಷ ಇಳಿಸಿದವರು ವಾಪಸ್ ಬರ್ಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ್ ಲಾಂಗ್ವೆ ನಿಟ್ಟುಸಿರಿಟ್ಟರು. “ಮಾವನ ಮಾತು ಮನೇಲಿಟ್ಕೋ ತಾಯಿ. ಇಲ್ಲಿ ಕರಡಿ ಹೇಳಿದ್ದನ್ನ ಒತ್ತು, ಮಾರ್ಕ್ಸ್ ತಗೋ.”

ಅವರನ್ನು ದೂರಲಾರೆ. ಈ ಮಾರ್ಕ್ಸ್ ನೋಡಿಯೇ ಹಾಸ್ಟೆಲ್ ಇರುವ ಪ್ರೌಢಶಾಲೆಗೆ ಮಕ್ಕಳ ಹೆಸರು ಕಳಿಸಬೇಕೆಂಬುದು ನಿಮ್ಮದೇ ಆದೇಶ. ಶಾಲೆಗೇ ಮೊದಲಿಗಳಾಗಿದ್ದ ಲುಸುಂಗು ಈಗ ಆ ಸಾಲಿನಿಂದ ಹೊರಗೆ. ನಾನೂ ಆ ಪರೀಕ್ಷೆ ತೆಗೆದುಕೊಂಡು ನೋಡಿದೆ. ಪೂರ್ತಿ ಮಾರ್ಕ್ಸ್ ಬಂತು, ಕರಡಿ ಕುಣಿಯಿತು! ಹಾಸ್ಟೆಲಿನಲ್ಲಿ ಸ್ವೆಟರ್ ಹಾಕಿಕೊಂಡೇ ಜುಲೈ ಬಿಸಿಲಿನ ಇಂಗ್ಲಿಷ್ ಪದ್ಯ ಹಾಡಿದವಳಲ್ಲವೇ ನಾನು? ನಿಮ್ಮ ವೆಬ್‌ಸೈಟು ನನ್ನಂಥವರನ್ನು ತಯಾರಿಸಲು ನಿಜಕ್ಕೂ ಅತ್ಯುತ್ತಮ. ಇದನ್ನೆಲ್ಲ ತಿಳಿಸೋಣವೆಂದು ಕಚೇರಿಗೆ ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ ಹೇಳಿದ್ದು: “ನೋಡಮ್ಮ, ವೆಬ್‌ಸೈಟಿಗೆ ಐದು ಸ್ಟಾರ್ ಬಂದಿದೆ. ನಿಮ್ಮೂರ ಗಾಳಿಗೆ ಯಾರು ಸ್ಟಾರ್ ಕೊಟ್ಟಿದಾರೆ?”

ಗಾಳಿ ನಿಮ್ಮಲ್ಲಿ ಅರ್ಜಿ ಹಾಕಿಲ್ಲ, ಒಪ್ಪುತ್ತೇನೆ. ಆದ್ದರಿಂದ ಮ್ವೇರಾ ನಿಲ್ಲುವ ಮೊದಲು ನೀವೇ ಒಮ್ಮೆ ಬನ್ನಿ. ಈಜುಡುಗೆ ತನ್ನಿ, ದೋಣಿ ನಾವು ಕೊಡುತ್ತೇವೆ. ಬರಲಾಗದಿದ್ದರೆ ಆ ಪಾಠವನ್ನು ತೆಗೆಸಿ, ಕತ್ತರಿಸಿದ ಮಾರ್ಕ್ಸನ್ನು ಮಕ್ಕಳಿಗೆ ಹಿಂತಿರುಗಿಸಿ. ಇನ್ನು ಮುಂದೆ ಸ್ಟಾರ್ ಕೊಡುವ ಮೊದಲು ಆ ಪಾಠ ಕಲಿಯಬೇಕಾದ ಮಕ್ಕಳ ಮುಂದೆ ಒಮ್ಮೆ ತೆರೆದು ನೋಡಿ.

ಶುಕ್ರವಾರ ಕೊನೆಯ ಸುತ್ತು. ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. “ದೋಣೀದು ಯಾವ್ದು ಒತ್ತಲಿ ಮೇಡಂ?” ಎಂದು ಲುಸುಂಗು ಕೇಳಿದ್ದಾಳೆ. ಹೌದು ಎಂದು ಒತ್ತಿಸಿದರೆ ಅವಳಿಗೆ ಹಾಸ್ಟೆಲ್ ಸಿಗುತ್ತದೆ. ಆದರೆ ಕಿಟಕಿಗೆ ಜೋತುಬಿದ್ದು ನೋಡುವ ಚಿಕ್ಕ ಮಕ್ಕಳಲ್ಲಿ ಯಾರಾದರೂ ಕರಡಿಯನ್ನು ನಂಬಿಬಿಟ್ಟರೆ? ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ. ದಯವಿಟ್ಟು ಶುಕ್ರವಾರದೊಳಗೆ ಉತ್ತರ ಕೊಡಿ.

ಇಂತಿ,
ಕರಡಿಯನ್ನು ಕುಣಿಸಿ ನಾಚಿಕೊಂಡಿರುವ
ತಿಯೊಂಗೆ ಮ್ಸೊವೊಯಾ